ಮಸೂದೆಯಲ್ಲಿ ಹಕ್ಕು, ಗೆಜೆಟ್‌ನಲ್ಲಿ ಗಡಿ: ಕಾಸರಗೋಡಿನ ಕನ್ನಡಿಗರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ

2025ರ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆ, ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಮಲಯಾಳ ಭಾಷಾ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದು, ಗಡಿನಾಡಿನ ಕನ್ನಡ ಮಕ್ಕಳ ಮೇಲೆ ಇದು ಮಲಯಾಳವನ್ನು ಹೇರುತ್ತದೆ ಎಂದು ಆಕ್ಷೇಪಿಸಿದರು. ತಿರುವನಂತಪುರದಿಂದ ಬಂದ ಉತ್ತರ ಅಷ್ಟೇ ಖಚಿತವಾಗಿತ್ತು: ಏಳನೇ ಖಂಡ ಓದಿ, ಕನ್ನಡ ಮತ್ತು ತಮಿಳು ಮಾತನಾಡುವವರ ರಕ್ಷಣೆಗೆಂದೇ ಅದನ್ನು ಬರೆದಿದ್ದೇವೆ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಜನ ಗೊಂದಲಕ್ಕೆ ಬಿದ್ದದ್ದು ಇಲ್ಲಿಯೇ. ಒಂದೇ ಮಸೂದೆಯನ್ನು ಮುಂದಿಟ್ಟುಕೊಂಡು ಒಬ್ಬರು ಹಕ್ಕು ಹೋಯಿತು ಎನ್ನುತ್ತಾರೆ, ಇನ್ನೊಬ್ಬರು ಹಕ್ಕು ಭದ್ರವಾಯಿತು ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವುದು ಸುಲಭ. ಖಂಡದ ಒಕ್ಕಣೆಯನ್ನು ನಿಧಾನವಾಗಿ ನೋಡಿದರೆ ಮಾತ್ರ, ಇಬ್ಬರೂ ಬದಿಗೆ ಸರಿಸಿದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಕ್ಕು ಇದೆ, ನಿಜ. ಅದು ಎಲ್ಲಿಯವರೆಗೆ ಇದೆ ಎಂಬುದನ್ನು ಮಾತ್ರ ಶಾಸನಸಭೆ ಬರೆದಿಲ್ಲ. ಆ ಕೆಲಸವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿದೆ.

ಏಳನೇ ಖಂಡ ಹೇಳುವುದೇನು?

ಮಸೂದೆಯ ಉಳಿದ ಖಂಡಗಳಲ್ಲಿ ಏನೇ ಇದ್ದರೂ ಈ ಖಂಡದ ಮಾತೇ ನಡೆಯುತ್ತದೆ ಎಂಬಂತೆ ಅದರ ರಚನೆ ಇದೆ. ಅದರಲ್ಲಿ ಎರಡು ಮುಖ್ಯ ಭರವಸೆಗಳಿವೆ. ಒಂದು ಶಾಲೆಯದು: ಮಾತೃಭಾಷೆ ಮಲಯಾಳವಲ್ಲದ ಮಕ್ಕಳು, ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಶಾಲೆಯಲ್ಲಿ ಲಭ್ಯವಿರುವ ಭಾಷೆಗಳಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಇನ್ನೊಂದು ಕಚೇರಿಯದು: ಅಧಿಸೂಚಿತ ಪ್ರದೇಶಗಳಲ್ಲಿ ಕನ್ನಡಿಗರು ಮತ್ತು ತಮಿಳರು ಸಚಿವಾಲಯ, ಇಲಾಖಾ ಮುಖ್ಯಸ್ಥರು ಹಾಗೂ ಆ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

‘ಲಭ್ಯವಿರುವ’ ಮತ್ತು ‘ಅಧಿಸೂಚಿತ’ ಎಂಬ ಎರಡು ಷರತ್ತುಗಳೇ ಈ ಖಂಡದ ಜೀವಾಳ. ಒಂದು ಶಾಲೆಯಲ್ಲಿ ಕನ್ನಡ ಲಭ್ಯವಿದೆಯೇ ಇಲ್ಲವೇ ಎಂಬುದು ಅಲ್ಲಿಗೆ ಕನ್ನಡ ಬಲ್ಲ ಅಧ್ಯಾಪಕರನ್ನು ನೇಮಿಸಿದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದು ಕೂತ ಕಥೆಗಳು ಕಾಸರಗೋಡಿನವರಿಗೆ ಹೊಸದಲ್ಲ. ಹಾಗೆಯೇ ಯಾವ ಊರು ‘ಅಧಿಸೂಚಿತ’ ಎಂಬುದು ಗೆಜೆಟ್‌ನಲ್ಲಿ ಸರ್ಕಾರ ಪ್ರಕಟಿಸುವ ಪಟ್ಟಿಯ ಮೇಲೆ ನಿಂತಿದೆ. ಎರಡೂ ಕಾರ್ಯಾಂಗದ ಕೈಯಲ್ಲಿವೆ.

ಇದು ಈ ಮಸೂದೆಯ ಹೊಸ ಆವಿಷ್ಕಾರವೇನಲ್ಲ. ಕೇರಳದ 1969ರ ಆಡಳಿತ ಭಾಷೆಗಳ ಕಾಯ್ದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಇಂಥದ್ದೇ ಹಕ್ಕು ಕೊಟ್ಟಿತ್ತು. ಸ್ಥಳೀಯ ಕಚೇರಿಗಳ ಮಟ್ಟಿಗೆ ಆ ಹಕ್ಕು, ಸರ್ಕಾರ ‘ಭಾಷಾ ಅಲ್ಪಸಂಖ್ಯಾತ ಪ್ರದೇಶ’ ಎಂದು ಘೋಷಿಸಿದ ಜಾಗಗಳಿಗೆ ಸೀಮಿತವಾಗಿತ್ತು. ಅಂದರೆ ಐದು ದಶಕಗಳಿಂದಲೂ ಗೆರೆ ಎಳೆಯುವ ಪೆನ್ನು ಸರ್ಕಾರದ ಬಳಿಯೇ ಇದೆ. ಜಾಗವನ್ನು ನಿಮ್ಮ ಹೆಸರಿಗೆ ಕ್ರಯಪತ್ರ ಮಾಡಿಕೊಟ್ಟು, ಚಕ್ಕುಬಂದಿಯನ್ನು ಮಾತ್ರ ಆಮೇಲೆ ನಾನೇ ಬರೆದುಕೊಡುತ್ತೇನೆ ಎಂದು ಮಾರಿದವನು ಹೇಳಿದ ಹಾಗೆ.

ಒಂದು ಅರ್ಜಿಯ ದಾರಿ

ಮಂಜೇಶ್ವರ ತಾಲೂಕಿನ ಪೆರ್ಲದ ಒಬ್ಬ ಕೃಷಿಕ ಭೂತೆರಿಗೆಯ ತಕರಾರಿನ ಬಗ್ಗೆ ವಿಲೇಜ್ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಬರೆಯುತ್ತಾನೆ ಎಂದಿಟ್ಟುಕೊಳ್ಳಿ. ಉತ್ತರ ಕನ್ನಡದಲ್ಲಿ ಬರಬೇಕೇ? ಅವನ ಮಾತೃಭಾಷೆ ಕನ್ನಡ ಎಂಬುದಷ್ಟೇ ಸಾಲದು, ಆ ಕಚೇರಿ ಇರುವ ಜಾಗ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿ ತಾಲೂಕಿನ ಹೆಸರಿದೆಯೇ, ಪಂಚಾಯತಿನ ಹೆಸರಿದೆಯೇ, ಗ್ರಾಮದ ಹೆಸರಿದೆಯೇ ಎಂಬುದೂ ಮುಖ್ಯ. ಯಾಕೆಂದರೆ 2014ರಲ್ಲಿ ಹಳೆಯ ಕಾಸರಗೋಡು ತಾಲೂಕನ್ನು ಒಡೆದು ಮಂಜೇಶ್ವರ ತಾಲೂಕು ಮಾಡಿದರು. ಅದೇ ಜಿಲ್ಲೆಯ ಹೊಸದುರ್ಗ ತಾಲೂಕಿನಿಂದ ವೆಳ್ಳರಿಕುಂಡು ಬೇರೆಯಾಯಿತು. ಹಳೆಯ ಆದೇಶವೊಂದರಲ್ಲಿ ‘ಕಾಸರಗೋಡು ತಾಲೂಕು’ ಎಂದಷ್ಟೇ ಇದ್ದರೆ ಅದು ಇವತ್ತಿನ ಮಂಜೇಶ್ವರಕ್ಕೂ ಅನ್ವಯಿಸುತ್ತದೆಯೇ? ನೆಲ ಎಲ್ಲಿಗೂ ಹೋಗಿಲ್ಲವಲ್ಲ, ಅನ್ವಯಿಸಲೇಬೇಕು ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಆದರೆ ಗುಮಾಸ್ತನ ಮೇಜಿನ ಮೇಲೆ ಇರುವುದು ಸಾಮಾನ್ಯ ಬುದ್ಧಿಯಲ್ಲ, ಆದೇಶದ ನಕಲು.

ಸಚಿವಾಲಯಕ್ಕೆ ಬರೆಯುವ ಪತ್ರಕ್ಕಿಂತ ಹೆಚ್ಚಾಗಿ ವಿಲೇಜ್ ಆಫೀಸು, ಪಂಚಾಯತು, ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲೇ ಜನರ ನಿತ್ಯದ ಕೆಲಸ ನಡೆಯುವುದರಿಂದ, ಪಟ್ಟಿಯ ಒಂದು ಸಾಲು ಇಡೀ ಖಂಡಕ್ಕಿಂತ ತೂಕದ್ದು.

ಶಾಸನಸಭೆ ತನ್ನ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದೇ?

ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನ ಸಂಸತ್ತಿಗೂ ರಾಜ್ಯ ಶಾಸಕಾಂಗಗಳಿಗೂ ಕೊಟ್ಟಿದೆ. ರಾಜ್ಯದ ಆಡಳಿತ ಭಾಷೆಯನ್ನು ಕಾನೂನಿನ ಮೂಲಕ ತೀರ್ಮಾನಿಸುವ ಅಧಿಕಾರವನ್ನು 345ನೇ ವಿಧಿ ರಾಜ್ಯ ಶಾಸಕಾಂಗಕ್ಕೇ ಒಪ್ಪಿಸಿದೆ. ಆ ಅಧಿಕಾರವನ್ನು ಮಂತ್ರಿಮಂಡಲಕ್ಕೋ ಇಲಾಖೆಗೋ ದಾಟಿಸಬಾರದು ಎಂದು ಎಲ್ಲಿಯೂ ನೇರವಾಗಿ ಬರೆದಿಲ್ಲ. ಆ ಮಿತಿಯನ್ನು ಎಳೆದದ್ದು ನ್ಯಾಯಾಲಯಗಳು.

ಈ ಚರ್ಚೆಯ ಮೊದಲ ದೊಡ್ಡ ಪ್ರಕರಣ ಪ್ರದೇಶ ಗುರುತಿಸುವ ಅಧಿಕಾರದ್ದೇ ಎಂಬುದು ಕಾಸರಗೋಡಿನವರಿಗೆ ಕುತೂಹಲ ಹುಟ್ಟಿಸಬೇಕು. 1869ರ ಕಾಯ್ದೆಯೊಂದು ಗಾರೋ ಬೆಟ್ಟಗಳನ್ನು ಸಾಮಾನ್ಯ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟು, ಅದೇ ವ್ಯವಸ್ಥೆಯನ್ನು ಖಾಸಿ, ಜಯಂತಿಯಾ ಬೆಟ್ಟಗಳಿಗೂ ವಿಸ್ತರಿಸುವ ಅಧಿಕಾರವನ್ನು ಬಂಗಾಳದ ಲೆಫ್ಟಿನೆಂಟ್ ಗವರ್ನರ್‌ಗೆ ಕೊಟ್ಟಿತ್ತು. ಬುರಾ ಪ್ರಕರಣ ಎಂದೇ ಹೆಸರಾದ ವ್ಯಾಜ್ಯದಲ್ಲಿ 1878ರಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಎತ್ತಿಹಿಡಿಯಿತು. ಕಾನೂನು ಪೂರ್ತಿ ತಯಾರಾಗಿದೆ, ಅದು ಎಲ್ಲಿ, ಯಾವಾಗ ಜಾರಿಗೆ ಬರಬೇಕು ಎಂಬುದನ್ನಷ್ಟೇ ಅಧಿಕಾರಿಗೆ ಬಿಟ್ಟಿದ್ದಾರೆ ಎಂಬುದು ಅದರ ತರ್ಕ. ಇದನ್ನೇ ಷರತ್ತಿನ ಶಾಸನ ಎನ್ನುತ್ತಾರೆ.

ಸ್ವಾತಂತ್ರ್ಯದ ಹೊತ್ತಿಗೆ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಬಿಹಾರದ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯನ್ನು ಮಾರ್ಪಾಡುಗಳೊಂದಿಗೆ ಇನ್ನೊಂದು ವರ್ಷ ಮುಂದುವರಿಸುವ ಅಧಿಕಾರ ಪ್ರಾಂತ ಸರ್ಕಾರಕ್ಕಿತ್ತು. 1949ರಲ್ಲಿ, ಸುಪ್ರೀಂ ಕೋರ್ಟ್‌ಗಿಂತ ಮೊದಲಿದ್ದ ಫೆಡರಲ್ ಕೋರ್ಟ್ ಅದನ್ನು ಹೊಡೆದುಹಾಕಿತು. ಹಾಗಾದರೆ ದೇಶದಲ್ಲಿರುವ ನೂರಾರು ಇಂಥ ಕಲಮುಗಳ ಗತಿಯೇನು ಎಂಬ ಪ್ರಶ್ನೆ ಎದ್ದು, ರಾಷ್ಟ್ರಪತಿಗಳು ಸುಪ್ರೀಂ ಕೋರ್ಟ್‌ನ ಅಭಿಪ್ರಾಯ ಕೇಳಿದರು. 1951ರ ದೆಹಲಿ ಕಾನೂನುಗಳ ಪ್ರಕರಣ ಹುಟ್ಟಿದ್ದು ಹೀಗೆ. ಏಳು ನ್ಯಾಯಮೂರ್ತಿಗಳು ಕೂತು ಏಳು ಬೇರೆ ಬೇರೆ ಅಭಿಪ್ರಾಯ ಬರೆದರು! ಆ ಜಂಗುಳಿಯ ನಡುವೆಯೂ ಒಂದು ಸೂತ್ರ ಉಳಿದುಕೊಂಡಿತು: ನೀತಿ ಯಾವುದು, ಅದರ ಮಾನದಂಡ ಯಾವುದು ಎಂಬುದನ್ನು ಶಾಸನಸಭೆಯೇ ತೀರ್ಮಾನಿಸಬೇಕು. ವಿವರ ತುಂಬುವುದನ್ನು ಬೇರೆಯವರಿಗೆ ಬಿಡಬಹುದು. ಒಂದು ಪ್ರದೇಶದಲ್ಲಿ ಈಗಾಗಲೇ ಇರುವ ಕಾನೂನನ್ನು ರದ್ದು ಮಾಡುವ, ತಿದ್ದುವ ಅಧಿಕಾರವನ್ನು ಕಾರ್ಯಾಂಗಕ್ಕೆ ಕೊಟ್ಟದ್ದು ಮಾತ್ರ ಅಂದು ಬಿದ್ದುಹೋಯಿತು.

ಕಾನೂನು ಬಿದ್ದುಹೋದ ಎರಡು ಪ್ರಕರಣಗಳು

ಸೂತ್ರ ಹೇಳುವುದು ಸುಲಭ, ಹಚ್ಚಿ ನೋಡುವುದು ಕಷ್ಟ. ಎರಡು ಪ್ರಕರಣ ನೋಡೋಣ.

ಪುದುಚೇರಿ ಶಾಸನಸಭೆ 1965ರಲ್ಲಿ ಮಾರಾಟ ತೆರಿಗೆ ಕಾಯ್ದೆ ಮಾಡಿತು. ತನ್ನದೇ ಕಾನೂನು ಬರೆಯುವ ಬದಲು ಮದ್ರಾಸಿನ ಕಾಯ್ದೆಯನ್ನು ಅಳವಡಿಸಿಕೊಂಡಿತು. ಕಾಯ್ದೆ ಜಾರಿಗೆ ಬರುವ ದಿನ ಮದ್ರಾಸಿನಲ್ಲಿ ಅದು ಯಾವ ರೂಪದಲ್ಲಿರುತ್ತದೋ ಆ ರೂಪ ಇಲ್ಲಿಗೂ ಎಂದಿತು. ನಡುವೆ ಮದ್ರಾಸಿನವರು ತಮ್ಮ ಕಾಯ್ದೆಯನ್ನು ತಿದ್ದಿದರು. ಅಂದರೆ ಪುದುಚೇರಿ ಶಾಸಕರು ಕಣ್ಣಿಂದಲೂ ನೋಡದ ಕಾನೂನು ಅವರ ಜನರ ಮೇಲೆ, ಕಾಸರಗೋಡಿನಿಂದ ದಕ್ಷಿಣಕ್ಕೆ ಕರಾವಳಿಯಲ್ಲಿದ್ದರೂ ಪುದುಚೇರಿಗೇ ಸೇರಿದ ಮಾಹೆಯವರ ಮೇಲೂ, ಬಂದು ಕೂತಿತು. ಶಾಮರಾವ್ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ, ಇದು ಅಧಿಕಾರ ವಹಿಸುವುದಲ್ಲ, ಅಧಿಕಾರವನ್ನೇ ಬಿಟ್ಟುಕೊಡುವುದು ಎಂದು ಕಾಯ್ದೆಯನ್ನು ತಳ್ಳಿಹಾಕಿತು.

ಇನ್ನೊಂದು ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತು ಕಾಯ್ದೆ, 1954ರದ್ದು. ಯಾವ ಕಾಯಿಲೆಗಳ ಹೆಸರಿನಲ್ಲಿ ಜಾಹೀರಾತು ಕೊಡಬಾರದು ಎಂಬ ಪಟ್ಟಿಗೆ ಸರ್ಕಾರ ತನಗೆ ಬೇಕಾದ ಕಾಯಿಲೆಯನ್ನು ಸೇರಿಸಬಹುದಿತ್ತು. ಯಾವ ಆಧಾರದ ಮೇಲೆ ಎಂಬ ಸುಳಿವೇ ಕಾಯ್ದೆಯಲ್ಲಿರಲಿಲ್ಲ. ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಆಮೇಲೆ ಸಂಸತ್ತು ಮಾಡಿದ ಕೆಲಸ ಇಲ್ಲಿ ನಮಗೆ ಮುಖ್ಯ. 1963ರ ತಿದ್ದುಪಡಿಯಲ್ಲಿ ಕಾಯಿಲೆಗಳ ಅನುಸೂಚಿಯನ್ನು ಕಾಯ್ದೆಗೇ ಸೇರಿಸಿದರು. ಹೊಸ ಹೆಸರು ಸೇರಿಸಬೇಕಾದರೆ ಎಂಥ ಕಾಯಿಲೆ ಆಗಿರಬೇಕು ಎಂಬ ಅಳತೆ ಕೊಟ್ಟರು, ತಜ್ಞರ ಮಂಡಳಿಯೊಂದಿಗೆ ಸಮಾಲೋಚನೆ ಕಡ್ಡಾಯ ಮಾಡಿದರು. ಪಟ್ಟಿ ಬೆಳೆಸುವ ಅಧಿಕಾರ ಸರ್ಕಾರಕ್ಕೆ ಉಳಿಯಿತು, ಆದರೆ ಅದಕ್ಕೆ ದಂಡೆ ಕಟ್ಟಿದಂತಾಯಿತು.

ಇತ್ತೀಚಿನ ದಶಕಗಳಲ್ಲಿ ನ್ಯಾಯಾಲಯ ಇಷ್ಟು ಬಿಗಿಯಾಗಿಲ್ಲ. ನೋಟು ರದ್ದತಿ ಪ್ರಕರಣದಲ್ಲಿ 2023ರ ಜನವರಿಯಲ್ಲಿ ನಾಲ್ಕು-ಒಂದರ ಬಹುಮತ, ಅಧಿಕಾರ ಪಡೆದಿರುವುದು ಸಂಸತ್ತಿಗೆ ಉತ್ತರ ಕೊಡಬೇಕಾದ ಕೇಂದ್ರ ಸರ್ಕಾರ ಎಂಬುದನ್ನೇ ಒಂದು ರಕ್ಷಣೆಯೆಂದು ಕಂಡು, ಮಿತಿಮೀರಿದ ವಹಿಸುವಿಕೆ ಎಂಬ ವಾದವನ್ನು ಒಪ್ಪಲಿಲ್ಲ.

ಏಳನೇ ಖಂಡ ನ್ಯಾಯಾಲಯದಲ್ಲಿ ಬೀಳುತ್ತದೆಯೇ?

ಬೀಳುವ ಸಾಧ್ಯತೆ ತೀರಾ ಕಡಿಮೆ. ನೀತಿ ಸ್ಪಷ್ಟವಾಗಿದೆ: ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಉತ್ತರ. ಪ್ರದೇಶ ಗುರುತಿಸುವುದನ್ನಷ್ಟೇ ಸರ್ಕಾರಕ್ಕೆ ಬಿಟ್ಟಿದ್ದಾರೆ. ಬುರಾ ಪ್ರಕರಣದಿಂದ ಇತ್ತ ನ್ಯಾಯಾಲಯಗಳು ಇಂಥದ್ದನ್ನು ಒಪ್ಪುತ್ತಲೇ ಬಂದಿವೆ. ಇದೊಂದೇ ಕಾರಣ ಹಿಡಿದು ಕೊಚ್ಚಿಯ ಹೈಕೋರ್ಟ್ ಮೆಟ್ಟಿಲು ಹತ್ತಿದವರು ಬರಿಗೈಯಲ್ಲಿ ಮರಳುವುದೇ ಹೆಚ್ಚು ಸಂಭವ. ಇನ್ನೂ ಒಂದು ತಮಾಷೆ ಇದೆ. ಹಾಗೊಮ್ಮೆ ವಾದ ಗೆದ್ದರೂ ಬಿದ್ದುಹೋಗುವುದು ರಕ್ಷಣೆಯ ಖಂಡ, ಮಲಯಾಳ ಕಡ್ಡಾಯ ಮಾಡುವ ಖಂಡವಲ್ಲ!

ಹಾಗಾಗಿ ಸಂವಿಧಾನಬದ್ಧವೇ ಅಲ್ಲವೇ ಎಂಬಲ್ಲಿಗೆ ಚರ್ಚೆ ನಿಲ್ಲಿಸುವುದು ಕಾಸರಗೋಡಿಗೆ ಲಾಭವಲ್ಲ. ಸಂವಿಧಾನ ಒಪ್ಪುವ ಕಲಮು ಕೂಡ ಜನರ ಪಾಲಿಗೆ ದುರ್ಬಲವಾಗಿರಬಹುದು.

ಕೊಟ್ಟ ಕೈ ಹಿಂದಕ್ಕೂ ಪಡೆಯಬಲ್ಲದು

ದುರ್ಬಲತೆ ಎಲ್ಲಿದೆ? ಮೊದಲನೆಯದಾಗಿ, ಅಧಿಸೂಚನೆ ಹೊರಡಿಸುವ ಅಧಿಕಾರದ ಒಳಗೇ ಅದನ್ನು ತಿದ್ದುವ, ಹಿಂಪಡೆಯುವ ಅಧಿಕಾರವೂ ಅಡಗಿದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 21ನೇ ಕಲಮು ಇದನ್ನೇ ಹೇಳುತ್ತದೆ, ರಾಜ್ಯಗಳ ಕಾನೂನುಗಳಿಗೂ ಇದೇ ತತ್ವ ಹೊಂದುತ್ತದೆ. ಕಾಯ್ದೆಯಲ್ಲಿ ಬರೆದ ಹಕ್ಕನ್ನು ತೆಗೆಯಬೇಕಾದರೆ ಸದನದಲ್ಲಿ ಮಸೂದೆ ಬರಬೇಕು, ಚರ್ಚೆ ಆಗಬೇಕು, ಪತ್ರಿಕೆಗಳಲ್ಲಿ ಸುದ್ದಿಯಾಗಬೇಕು. ಪಟ್ಟಿಯಿಂದ ಒಂದು ಪಂಚಾಯತನ್ನು ಕೈಬಿಡಲು ಗೆಜೆಟ್‌ನ ಒಂದು ಪುಟ ಸಾಕು.

ಎರಡನೆಯದಾಗಿ, ಅಧಿಸೂಚನೆಯನ್ನು ಹೊರಡಿಸದೆಯೇ ಇರಬಹುದು. 1978ರಲ್ಲಿ ಸಂವಿಧಾನಕ್ಕೆ ಮಾಡಿದ ನಲವತ್ನಾಲ್ಕನೇ ತಿದ್ದುಪಡಿ ಮುನ್ನೆಚ್ಚರಿಕೆಯ ಬಂಧನಕ್ಕೆ ಹೆಚ್ಚು ಬಿಗಿಯಾದ ಮಿತಿ ಹಾಕಿತ್ತು. ಜಾರಿಗೆ ತರುವ ದಿನವನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿತ್ತು. ಆ ಭಾಗ ಇವತ್ತಿಗೂ ಜಾರಿಯಾಗಿಲ್ಲ. ಎ.ಕೆ. ರಾಯ್ ಪ್ರಕರಣದಲ್ಲಿ, ಜಾರಿ ಮಾಡು ಎಂದು ಆಜ್ಞೆ ಮಾಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎಲ್ಲ ನ್ಯಾಯಾಲಯಗಳಲ್ಲೂ ವಾದಿಸುವ ಹಕ್ಕನ್ನು ವಕೀಲರಿಗೆ ಕೊಡುವ, 1961ರ ವಕೀಲರ ಕಾಯ್ದೆಯ 30ನೇ ಕಲಮಿನ ಬಗ್ಗೆ 1988ರಲ್ಲಿ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಗಿ, ಆರು ತಿಂಗಳಲ್ಲಿ ಪರಿಶೀಲಿಸಿ ಎಂದಿತು. ಕಲಮು ಜಾರಿಯಾದದ್ದು 2011ರಲ್ಲಿ, ಕಾಯ್ದೆಗೆ ಐವತ್ತು ವರ್ಷ ತುಂಬಿದ ಮೇಲೆ.

ಮೂರನೆಯದು ಹೆಚ್ಚು ಸೂಕ್ಷ್ಮದ್ದು. ಪಟ್ಟಿ ಬದಲಿಸುವ ಮೊದಲು ಆ ಊರಿನವರನ್ನು ಕೇಳಬೇಕೇ? ಉತ್ತರ ಪ್ರದೇಶದ ತುಳಸಿಪುರದ ಸಕ್ಕರೆ ಕಾರ್ಖಾನೆಯೊಂದರ ಪ್ರಕರಣದಲ್ಲಿ, ಒಂದು ಜಾಗವನ್ನು ಪಟ್ಟಣ ಪ್ರದೇಶ ಎಂದು ಘೋಷಿಸುವುದು ಶಾಸನ ಸ್ವರೂಪದ ಕೆಲಸ, ಕಾಯ್ದೆಯೇ ಹೇಳದಿದ್ದರೆ ಮುಂಚಿತವಾಗಿ ಅಹವಾಲು ಕೇಳಬೇಕಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1987ರಲ್ಲಿ ಹಿಮಾಚಲದ ಪ್ರಕರಣವೊಂದರಲ್ಲಿ ಮಾತ್ರ, ಹಳ್ಳಿಗಳನ್ನು ಅಧಿಸೂಚಿತ ಪ್ರದೇಶಕ್ಕೆ ಸೇರಿಸುವಾಗ ಅಲ್ಲಿನವರ ಮಾತು ಕೇಳಬೇಕಿತ್ತು ಎಂದಿತು. ಇನ್ನೂ ಹಿಂದಕ್ಕೆ ಹೋದರೆ 1954ರ ರಾಜನಾರಾಯಣ ಸಿಂಗ್ ಪ್ರಕರಣ ಸಿಗುತ್ತದೆ. ಪಟನಾ ಆಡಳಿತಕ್ಕೆ ಹೊಸದಾಗಿ ಸೇರುವ ಪ್ರದೇಶದ ನಿವಾಸಿಗಳಿಗೆ ಆಕ್ಷೇಪ ಸಲ್ಲಿಸುವ ಅವಕಾಶವನ್ನು ಕಾಯ್ದೆಯೇ ಕೊಟ್ಟಿತ್ತು. ಸರ್ಕಾರ ಅಧಿಸೂಚನೆಯಲ್ಲಿ ತೆರಿಗೆಯ ಕಲಮನ್ನಷ್ಟೇ ಎತ್ತಿ, ತಿದ್ದಿ, ಆ ಅವಕಾಶವನ್ನು ಬದಿಗೆ ಸರಿಸಿತು. ಅಧಿಸೂಚನೆ ಬಿದ್ದುಹೋಯಿತು.

ಮೂರನ್ನೂ ಸೇರಿಸಿ ಓದಿದರೆ ತೋರುವುದಿಷ್ಟು. ಕೇಳುವ ಹಕ್ಕು ಕಾಯ್ದೆಯಲ್ಲಿದ್ದರೆ ಕೋರ್ಟ್ ಅದನ್ನು ಕಾಯುತ್ತದೆ. ಕಾಯ್ದೆಯಲ್ಲಿ ಇಲ್ಲದಿದ್ದರೆ ಗೆಲುವು ಪ್ರಕರಣದಿಂದ ಪ್ರಕರಣಕ್ಕೆ ಅದೃಷ್ಟದ ಮಾತು. ಏಳನೇ ಖಂಡದ ಬಗ್ಗೆ ನಿಜವಾದ ತಕರಾರು ಇದ್ದರೆ ಅದು ಇದೇ.

ತಿರುವನಂತಪುರದ ವಾದ, ಬೆಂಗಳೂರಿನ ವಾದ

ಕೇರಳದ ನಿಲುವಿಗೆ ಕಾನೂನಿನ ಬಲ ಸಾಕಷ್ಟಿದೆ. ರಾಜ್ಯದ ಭಾಷೆಯನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಹೇಳುವುದು ಅಲ್ಪಸಂಖ್ಯಾತರ ಹಕ್ಕಿನ ಉಲ್ಲಂಘನೆಯಲ್ಲ ಎಂದು 2004ರಲ್ಲಿ ಮಹಾರಾಷ್ಟ್ರದ ಗುಜರಾತಿ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರದೇಶಗಳನ್ನು ಕಾಯ್ದೆಯಲ್ಲೇ ಬರೆದುಬಿಟ್ಟರೆ, ತಾಲೂಕು ಒಡೆದಾಗಲೆಲ್ಲ ಸದನ ಕೂಡಬೇಕಾಗುತ್ತದೆ ಎಂಬ ಆಡಳಿತದ ಕಷ್ಟವೂ ನಿಜ. 2015ರಲ್ಲಿ ಕೇರಳ ಅಂಗೀಕರಿಸಿದ್ದ ಹಿಂದಿನ ಭಾಷಾ ಮಸೂದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಗದೆ ಹೋದ ಅನುಭವವೂ ಅವರ ಬೆನ್ನಿಗಿದೆ.

ಕರ್ನಾಟಕದ ವಾದ ಅಲ್ಪಸಂಖ್ಯಾತರ ಭಾಷೆ, ಸಂಸ್ಕೃತಿ, ಶಿಕ್ಷಣ ಸಂಸ್ಥೆಗಳನ್ನು ಕಾಯುವ 29 ಮತ್ತು 30ನೇ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಮಾತಾಡುವ 350ಎ ವಿಧಿಗಳ ಮೇಲೆ ನಿಂತಿದೆ. 1971ರಲ್ಲಿ ಪಂಜಾಬಿನ ಡಿಎವಿ ಕಾಲೇಜು ಪ್ರಕರಣದಲ್ಲಿ, ಪಂಜಾಬಿಯೊಂದೇ ಮಾಧ್ಯಮ ಎಂದ ವಿಶ್ವವಿದ್ಯಾಲಯದ ಸುತ್ತೋಲೆ ಬಿದ್ದದ್ದು ಅಲ್ಪಸಂಖ್ಯಾತರ ಹಕ್ಕಿನ ನೆಲೆಯಲ್ಲೇ. ಆದರೆ ಬೆಂಗಳೂರಿನ ದನಿಗೆ ಒಂದು ತೊಡಕಿದೆ. ಕರ್ನಾಟಕದಲ್ಲೂ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಇದೆ. ಬೆಳಗಾವಿಯ ಮರಾಠಿಗರು ಅದೇ ಪ್ರಶ್ನೆಯನ್ನು ಬೆಂಗಳೂರಿಗೆ ಕೇಳಬಲ್ಲರು. ಪತ್ರ ಬರೆಯುವ ಕೈ ತನ್ನ ಮನೆಯ ಕಲಮುಗಳನ್ನೂ ಒಮ್ಮೆ ನೋಡಿಕೊಂಡರೆ ವಾದಕ್ಕೆ ತೂಕ ಬರುತ್ತದೆ.

ಗಡಿಯ ಕನ್ನಡಿಗರ ನೆನಪು ಇವೆರಡಕ್ಕಿಂತ ಹಳೆಯದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಇಲ್ಲಿ ಪ್ರತಿಭಟನೆಗಳಾದವು. ಭರವಸೆ ಇದೆ, ನಂಬಿ ಎಂಬ ಮಾತು ಇಲ್ಲಿ ಸುಲಭವಾಗಿ ಇಳಿಯದಿರುವುದಕ್ಕೆ ಕಾರಣಗಳಿವೆ.

ಏನು ಕೇಳಬಹುದು?

ಜಾಹೀರಾತು ಕಾಯ್ದೆಗೆ 1963ರಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಬಹುದು. ಈಗಿನ ಕನ್ನಡ, ತಮಿಳು ಪ್ರದೇಶಗಳನ್ನು ಗ್ರಾಮದ ಹೆಸರು ಹಿಡಿದು ಒಂದು ಅನುಸೂಚಿಯಲ್ಲಿ ಬರೆದು ಕಾಯ್ದೆಗೆ ಸೇರಿಸುವುದು. ಹೊಸ ಪ್ರದೇಶ ಸೇರಿಸುವ ಅಧಿಕಾರ ಸರ್ಕಾರಕ್ಕಿರಲಿ, ತೆಗೆಯಬೇಕಾದರೆ ಮಾತ್ರ ಸದನಕ್ಕೇ ಬರಲಿ. ಸೇರಿಸಲು ಅಳತೆಗೋಲು ಬೇಕೆಂದರೆ ಅದನ್ನೂ ಹುಡುಕಬೇಕಿಲ್ಲ. ಭಾಷಾ ಅಲ್ಪಸಂಖ್ಯಾತರು ಜನಸಂಖ್ಯೆಯ ಶೇ. 15ರಿಂದ 20ರಷ್ಟಿರುವ ಕಡೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕು ಎಂಬುದು ಕೇಂದ್ರ ಗೃಹ ಸಚಿವಾಲಯದ 1956ರ ಜ್ಞಾಪನಪತ್ರದಿಂದಲೇ ಬಂದಿರುವ ಅಳತೆ. ಕರಡು ಅಧಿಸೂಚನೆಯನ್ನು ಮೊದಲು ಕನ್ನಡದಲ್ಲೂ ಪ್ರಕಟಿಸಿ ಆಕ್ಷೇಪ ಕೇಳಬೇಕು ಎಂಬ ಒಂದು ಸಾಲು ಕಾಯ್ದೆಯಲ್ಲಿ ಬಂದರೆ, ರಾಜನಾರಾಯಣ ಸಿಂಗ್ ತೀರ್ಪಿನ ರಕ್ಷಣೆ ತಾನಾಗಿ ಸಿಗುತ್ತದೆ.

ಇದಕ್ಕೆ ದಾರಿಗಳೂ ಇವೆ. ರಾಜ್ಯಪಾಲರು 200ನೇ ವಿಧಿಯಡಿ ತಿದ್ದುಪಡಿ ಸೂಚಿಸಿ ಮಸೂದೆಯನ್ನು ಸದನಕ್ಕೆ ಹಿಂದಿರುಗಿಸಬಹುದು. ತಾವೇ ಒಂದು ಸಾಲನ್ನೂ ಸೇರಿಸುವಂತಿಲ್ಲ. ರಾಷ್ಟ್ರಪತಿಗಳ ಬಳಿ ಹೋದ ಮಸೂದೆಗೂ 201ನೇ ವಿಧಿಯಲ್ಲಿ ಇಂಥದ್ದೇ ದಾರಿ ಇದೆ. ಕಾಯ್ದೆಯಾದ ಮೇಲೆ ತಿದ್ದುಪಡಿ ಮಸೂದೆಯೊಂದೇ ದಾರಿ. ಪ್ರತ್ಯೇಕವಾಗಿ, ಗಣನೀಯ ಸಂಖ್ಯೆಯ ಜನ ಕೇಳಿದರೆ ರಾಜ್ಯದ ಒಂದು ಭಾಗದಲ್ಲಿ ಅವರ ಭಾಷೆಗೆ ಅಧಿಕೃತ ಮಾನ್ಯತೆ ಕೊಡುವಂತೆ ರಾಷ್ಟ್ರಪತಿಗಳು ನಿರ್ದೇಶಿಸಬಹುದು ಎನ್ನುವ 347ನೇ ವಿಧಿಯಿದೆ. ಅಲ್ಲಿ ಮಾತ್ರ ಪೆನ್ನು ರಾಜ್ಯ ಸರ್ಕಾರದ ಕೈಯಿಂದ ಹೊರಗಿರುತ್ತದೆ.

ಇವೇನೂ ಆಗದೆ ಮಸೂದೆ ಇದ್ದ ಹಾಗೆಯೇ ಜಾರಿಯಾದರೆ ಗಮನವನ್ನು ಗೆಜೆಟ್ ಕಡೆಗೆ ತಿರುಗಿಸಬೇಕಾಗುತ್ತದೆ. 13ನೇ ವಿಧಿಯ ಪ್ರಕಾರ ಅಧಿಸೂಚನೆಯೂ ‘ಕಾನೂನು’. ಮೂಲಭೂತ ಹಕ್ಕಿಗೆ ವಿರುದ್ಧವಾದರೆ ಅದನ್ನು ಪ್ರಶ್ನಿಸಬಹುದು. ಕಾಯ್ದೆಯ ಉದ್ದೇಶವನ್ನೇ ಮೀರಿದರೂ ಪ್ರಶ್ನಿಸಬಹುದು. ಮೊದಲು ನೋಡಬೇಕಾದದ್ದು ಪಟ್ಟಿಯ ಒಕ್ಕಣೆ: ಮಂಜೇಶ್ವರ ತಾಲೂಕಿನ ಹೆಸರು ಬಂದಿದೆಯೇ, ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ ಪಂಚಾಯತುಗಳು ಒಳಗಿವೆಯೇ, ಪುರಸಭೆಯ ವ್ಯಾಪ್ತಿ ಒಳಗಿದೆಯೇ, ಚಂದ್ರಗಿರಿಯ ದಕ್ಷಿಣಕ್ಕಿರುವ ಕನ್ನಡ ಮನೆಗಳ ಬಗ್ಗೆ ಏನು ಹೇಳಿದೆ, ‘ಸ್ಥಳೀಯ ಕಚೇರಿ’ಗಳಲ್ಲಿ ಪಂಚಾಯತು ಕಚೇರಿಯೂ ಸೇರಿದೆಯೇ, ಇಲ್ಲ ಸರ್ಕಾರದ ಇಲಾಖೆಗಳಷ್ಟೇಯೇ.